ಕೂದಲು ಬೆಳೆಯುತ್ತಲೇ ಇದೆ, ಉಳಿಯುತ್ತಿಲ್ಲ ಅಷ್ಟೇ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಉದ್ದ ಕೂದಲಿನ ಬಗ್ಗೆಯೇ ಇವೆ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಹೆಚ್ಚಿನವರು ಕೇಳಿರುವುದು "ಏನು ಹಚ್ಚಲಿ?" ಅಂತ. ಕೆಳಗಿನ ಉತ್ತರಗಳಲ್ಲಿ ಹಚ್ಚುವ ಮಾತು ಕಡಿಮೆ, ಕೂದಲನ್ನು ಅದರ ಪಾಡಿಗೆ ಬಿಡುವ ಮಾತು ಜಾಸ್ತಿ. ಯಾಕೆ ಅನ್ನುವುದು ಮೊದಲನೇ ಉತ್ತರದಲ್ಲೇ ಇದೆ.

ಪ್ರಶ್ನೆ: ಮೇಡಂ, ಎರಡು ವರ್ಷದಿಂದ ನನ್ನ ಕೂದಲು ಹೆಗಲು ದಾಟಿ ಕೆಳಗೆ ಬರುತ್ತಲೇ ಇಲ್ಲ. ಎಣ್ಣೆ, ಸೀರಮ್, ಮಾತ್ರೆ ಎಲ್ಲಾ ಆಯಿತು. ಬೆಳೆಯುವುದು ನಿಂತೇ ಹೋಯಿತಾ?

ಉತ್ತರ: ನಿಂತಿಲ್ಲ. ತಲೆಗೂದಲು ತಿಂಗಳಿಗೆ ಸುಮಾರು ಒಂದರಿಂದ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ, ವರ್ಷಕ್ಕೆ ಹೆಚ್ಚುಕಮ್ಮಿ 15 ಸೆಂ.ಮೀ. ಕೂದಲಿಗೆ ಬಣ್ಣ ಹಾಕುವವರನ್ನು ಕೇಳಿ ನೋಡಿ, ಒಂದು ತಿಂಗಳಾಗುವಷ್ಟರಲ್ಲಿ ಬುಡದಲ್ಲಿ ಹಳೇ ಬಣ್ಣದ ಗೆರೆ ಎದ್ದು ಕಾಣುತ್ತದೆ. ನಿಮಗೂ ಈ ಎರಡು ವರ್ಷದಲ್ಲಿ 30 ಸೆಂ.ಮೀ. ಹತ್ತಿರ ಬೆಳೆದಿದೆ. ಬುಡದಲ್ಲಿ ಬಂದಷ್ಟೇ ತುದಿಯಲ್ಲಿ ತುಂಡಾಗಿ ಹೋಗಿರಬೇಕು, ಅದಕ್ಕೇ ಅಳತೆ ಅಲ್ಲೇ ನಿಂತಿದೆ.

ಪ್ರತಿ ಕೂದಲಿಗೂ ಒಂದು ಆಯಸ್ಸು ಇದೆ. ಎರಡರಿಂದ ಆರೇಳು ವರ್ಷ ಬೆಳೆಯುತ್ತದೆ, ಆಮೇಲೆ ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲುತ್ತದೆ, ಮತ್ತೆ ಸುಮಾರು ಮೂರು ತಿಂಗಳು ಹಾಗೇ ಕೂತಿದ್ದು ಉದುರುತ್ತದೆ, ಅದೇ ಜಾಗದಿಂದ ಹೊಸದು ಬರುತ್ತದೆ. ಬೆಳೆಯುವ ಹಂತ ಯಾರಿಗೆ ಎಷ್ಟು ವರ್ಷ ಅನ್ನುವುದು ಬಹುಮಟ್ಟಿಗೆ ಹುಟ್ಟಿನಿಂದಲೇ ಬಂದದ್ದು, ಅದನ್ನು ಎಣ್ಣೆಯಿಂದ ಹಿಗ್ಗಿಸಲು ಆಗುವುದಿಲ್ಲ. ಆದರೆ ನಾಲ್ಕು ವರ್ಷದ ಹಂತ ಇದ್ದವರಿಗೂ 60 ಸೆಂ.ಮೀ. ಸಿಗಬೇಕು. ಸಿಗದಿದ್ದರೆ ನಡುವೆ ಎಲ್ಲೋ ಸೋರಿಕೆ ಇದೆ ಅಂತಲೇ ಅರ್ಥ.

ಚೀನಾದ ಶಿಯೆ ಚ್ಯೂಪಿಂಗ್ ಅನ್ನುವ ಮಹಿಳೆಯ ಹೆಸರು ಗಿನ್ನೆಸ್ ದಾಖಲೆಯಲ್ಲಿದೆ. 1973ರಲ್ಲಿ, 13ನೇ ವಯಸ್ಸಿನಿಂದ ಕೂದಲು ಬಿಡಲು ಶುರು ಮಾಡಿದವರು. 2004ರ ಮೇ 8ರಂದು ಅಳೆದಾಗ 5.627 ಮೀಟರ್ ಇತ್ತು. ಇದನ್ನು ಓದಿದ ಕೂಡಲೇ ಅವರ ಕೂದಲು ಎಷ್ಟು ಬೇಗ ಬೆಳೆದಿರಬೇಕು ಅನ್ನಿಸುತ್ತದೆ ಅಲ್ವಾ? 31 ವರ್ಷಕ್ಕೆ ಭಾಗಿಸಿ ನೋಡಿ. ವರ್ಷಕ್ಕೆ 18 ಸೆಂ.ಮೀ. ಅಷ್ಟೇ! ನಮ್ಮ ನಿಮ್ಮ ಕೂದಲಿಗಿಂತ ತುಸು ಜಾಸ್ತಿ. ಅವರ ಕೂದಲು ಅಷ್ಟು ವರ್ಷ ಉದುರದೆ, ತುಂಡಾಗದೆ ಉಳಿಯಿತು, ವಿಶೇಷ ಇರುವುದು ಅದರಲ್ಲಿ. ಉದುರದೆ ನಿಲ್ಲುವುದು ನಮ್ಮ ಕೈಯಲ್ಲಿಲ್ಲ. ತುಂಡಾಗದಂತೆ ನೋಡಿಕೊಳ್ಳುವುದು ಪೂರ್ತಿ ನಮ್ಮ ಕೈಯಲ್ಲೇ ಇದೆ.

ನಿಮ್ಮದು ಉದುರುತ್ತಿದೆಯಾ, ತುಂಡಾಗುತ್ತಿದೆಯಾ ಅಂತ ಇವತ್ತೇ ನೋಡಬಹುದು. ಬಾಚಿದ ಮೇಲೆ ಬಾಚಣಿಗೆಯಲ್ಲಿ, ನೆಲದ ಮೇಲೆ ಇರುವ ಕೂದಲನ್ನೆಲ್ಲಾ ತೆಗೆದು ಒಂದು ಬಿಳಿ ಹಾಳೆಯ ಮೇಲೆ ಬಿಡಿಬಿಡಿಯಾಗಿ ಹರಡಿ. ಹಗಲು ಬೆಳಕಿನಲ್ಲಿ ಒಂದೊಂದರ ಎರಡೂ ತುದಿ ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಬಿಳಿ ಗಂಟು ಇದ್ದರೆ ಅದು ಬುಡದಿಂದ ಬಂದದ್ದು, ಆಯಸ್ಸು ಮುಗಿದು ಉದುರಿದ್ದು. ಬೆರಳಿಗೆ ಸವರಿದರೆ ಅದು ಸಿಗುತ್ತದೆ. ಎರಡೂ ತುದಿ ಬೋಳಾಗಿದ್ದು, ಉದ್ದ ಮೂರು ನಾಲ್ಕು ಬೆರಳಷ್ಟೇ ಇದ್ದರೆ ಅದು ತುಂಡಾದದ್ದು. ದಿನಕ್ಕೆ 50ರಿಂದ 100 ಕೂದಲು ಬುಡದಿಂದ ಉದುರುವುದು ಮಾಮೂಲು, ಅದಕ್ಕೆ ಹೆದರಬೇಕಿಲ್ಲ. ಗಿಡ್ಡ ತುಂಡುಗಳೇ ಜಾಸ್ತಿ ಇದ್ದರೆ ಮುಂದಿನ ಉತ್ತರ ನಿಮಗೇ ಬರೆದದ್ದು.

ಪ್ರಶ್ನೆ: ಕೂದಲನ್ನು ಮುಟ್ಟದೆ ಬಿಡಿ, ತಾನಾಗಿ ಉದ್ದ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ದಿನಾ ಕೆಲಸಕ್ಕೆ ಹೋಗುವವಳು ನಾನು. ಕೆದರಿದ ತಲೆಯಲ್ಲಿ ಹೋಗಲಾ?

ಉತ್ತರ: ಕೆದರಿದ ತಲೆಯಲ್ಲಿ ಹೋಗುವುದು ಬೇಡ. ಮುಟ್ಟಬೇಡಿ ಅಂದರೆ ಸುಮ್‌ಸುಮ್ನೆ ಮುಟ್ಟಬೇಡಿ ಅಂತ. ಒಂದು ದಿನ ನಿಮ್ಮನ್ನು ನೀವೇ ಗಮನಿಸಿ. ಬೆಳಿಗ್ಗೆ ಬಾಚಿ ಕ್ಲಿಪ್ ಹಾಕಿದ್ದು, ಕೆಲಸದ ಜಾಗ ಮುಟ್ಟಿದ ಮೇಲೆ ಬಿಚ್ಚಿ ಮತ್ತೆ ಹಾಕಿದ್ದು, ಮಧ್ಯಾಹ್ನ ಕನ್ನಡಿ ಮುಂದೆ ಇನ್ನೊಮ್ಮೆ ಬಾಚಿದ್ದು, ಫೋನಿನಲ್ಲಿ ಮಾತಾಡುತ್ತಾ ತುದಿಯನ್ನು ಬೆರಳಿಗೆ ಸುತ್ತಿ ಎಳೆದದ್ದು, ಸಂಜೆ ಬಂದವಳೇ ರಬ್ಬರ್ ಬ್ಯಾಂಡನ್ನು ಜಗ್ಗಿ ಕಿತ್ತದ್ದು. ಇಷ್ಟರಲ್ಲಿ ಬೇಕಾದದ್ದು ಎಷ್ಟು, ಅಭ್ಯಾಸಕ್ಕೆ ಮಾಡಿದ್ದು ಎಷ್ಟು?

ಒಂದೊಂದು ಸಲ ಮುಟ್ಟಿದಾಗಲೂ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ. ಕೂದಲಿನ ಹೊರಮೈ ಮೇಲೆ ಮನೆಗೆ ಹೆಂಚು ಹೊದಿಸಿದ ಹಾಗೆ ತೆಳು ಪೊರೆಗಳು ಒಂದರ ಮೇಲೊಂದು ಕೂತಿರುತ್ತವೆ, ಅವುಗಳ ಅಂಚು ತುದಿಯ ಕಡೆಗೆ ಮುಖ ಮಾಡಿರುತ್ತದೆ. ಬುಡದ ಹತ್ತಿರ ಆರರಿಂದ ಎಂಟು ಪದರ. ಬಾಚಣಿಗೆ, ಟವೆಲ್, ದಿಂಬು, ಬ್ಯಾಗಿನ ಪಟ್ಟಿ ಉಜ್ಜಿದ ಹಾಗೆಲ್ಲಾ ಈ ಅಂಚು ಏಳುತ್ತದೆ, ಮುಕ್ಕಾಗುತ್ತದೆ, ಕೊನೆಗೆ ತುದಿಗೆ ಬರುವಷ್ಟರಲ್ಲಿ ಕೆಲವು ಕಡೆ ಪೊರೆಯೇ ಇರುವುದಿಲ್ಲ. ಆಗ ಒಳಗಿನ ನಾರು ಬಿಚ್ಚಿಕೊಳ್ಳುತ್ತದೆ. ಸೀಳು ತುದಿ ಅಂದರೆ ಅದೇ. ಹೆಗಲು ದಾಟಿದ ಕೂದಲಿನ ತುದಿಗೆ ಕಡಿಮೆ ಅಂದರೂ ಎರಡು ವರ್ಷ ವಯಸ್ಸಾಗಿರುತ್ತದೆ, ಆ ಎರಡು ವರ್ಷದ ಎಲ್ಲಾ ಉಜ್ಜಾಟವೂ ಅದರ ಮೇಲೇ ಆಗಿರುತ್ತದೆ. ಚರ್ಮಕ್ಕೆ ಗಾಯವಾದರೆ ವಾಸಿಯಾಗುತ್ತದೆ, ಯಾಕೆಂದರೆ ಅಲ್ಲಿ ಜೀವ ಇದೆ. ಬುಡದಿಂದ ಹೊರಗೆ ಬಂದ ಕೂದಲಿಗೆ ಜೀವ ಇಲ್ಲ. ಹೋದ ಪೊರೆ ಹೋಯಿತು. "ರಿಪೇರಿ ಮಾಡುತ್ತದೆ" ಅನ್ನುವ ಬಾಟಲಿಗಳು ಸ್ವಲ್ಪ ದಿನ ಅಂಟಿಸಿ ಮುಚ್ಚುತ್ತವೆ, ತೊಳೆದಾಗ ಮತ್ತೆ ಹಳೇ ಕಥೆ.

ಈಗ ಮಾಡಬೇಕಾದದ್ದು. ಬೆಳಿಗ್ಗೆ ಒಂದು ಸಲ ಬಾಚಿ, ಸಂಜೆವರೆಗೆ ಬಿಚ್ಚದೆ ಇರುವಂಥ ಒಂದು ವಿನ್ಯಾಸ ಆರಿಸಿಕೊಳ್ಳಿ. ಸಡಿಲ ಜಡೆ ಆಗಬಹುದು, ತುರುಬು ಆಗಬಹುದು, ಜಡೆ ಹೆಣೆದು ಅದನ್ನೇ ಸುತ್ತಿ ತುರುಬು ಮಾಡಿದರೆ ಇನ್ನೂ ಒಳ್ಳೆಯದು, ತುದಿ ಒಳಗೆ ಅಡಗಿ ಕೂರುತ್ತದೆ, ಬಟ್ಟೆಗೆ ಕುರ್ಚಿಗೆ ಉಜ್ಜುವುದಿಲ್ಲ. ಬರೀ ರಬ್ಬರ್ ಬ್ಯಾಂಡ್ ಮುಟ್ಟಲೇಬೇಡಿ, ಲೋಹದ ತುಂಡು ಇರುವ ಎಲಾಸ್ಟಿಕ್ ಕೂಡ ಬೇಡ. ಬಟ್ಟೆ ಸುತ್ತಿದ ಬ್ಯಾಂಡ್, ಅಂಚು ನಯವಾಗಿರುವ ದೊಡ್ಡ ಕ್ಲಿಪ್, ಇಲ್ಲವೇ ತುರುಬಿನ ಕಡ್ಡಿ ಸಾಕು. ವಾರವಿಡೀ ಒಂದೇ ಜಾಗಕ್ಕೆ ಬ್ಯಾಂಡ್ ಕಟ್ಟಿದರೆ ಆ ಜಾಗದಲ್ಲೇ ಕೂದಲು ಸವೆಯುತ್ತದೆ, ಹಾಗಾಗಿ ಒಂದು ದಿನ ಮೇಲೆ, ಒಂದು ದಿನ ಕೆಳಗೆ, ಒಂದು ದಿನ ಪಕ್ಕಕ್ಕೆ ಅಂತ ಜಾಗ ಬದಲಾಯಿಸಿ. ಬೈತಲೆ ಕೂಡ ಆಗಾಗ ಆಚೀಚೆ ಮಾಡಿ. ಸಂಜೆ ಬಿಚ್ಚುವಾಗ ಬ್ಯಾಂಡ್ ಜಗ್ಗಬೇಡಿ, ಹಿಗ್ಗಿಸಿ ಜಾರಿಸಿ. ಇಷ್ಟೇ. ಬಹಳ ಸಣ್ಣ ವಿಷಯ ಅನ್ನಿಸಬಹುದು, ಆದರೆ ಇದು ದಿನಾ ನಡೆಯುವ ವಿಷಯ.

ಪ್ರಶ್ನೆ: ಅಕ್ಕ, ಸಿಕ್ಕು ಬಿಡಿಸುವುದು ಒದ್ದೆ ಇದ್ದಾಗಲಾ, ಒಣಗಿದ ಮೇಲಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಕಾರಣ ಇದೆ, ಒಬ್ಬೊಬ್ಬರ ಕೂದಲು ಒಂದೊಂದು ಥರ. ನೆಟ್ಟಗಿನ ಅಥವಾ ಸ್ವಲ್ಪ ಅಲೆ ಇರುವ ಕೂದಲಾದರೆ ಮುಕ್ಕಾಲು ಭಾಗ ಆರಿದ ಮೇಲೆ ಬಾಚಿ. ನೀರು ಒಳಗೆ ಹೋದಾಗ ಕೂದಲಿನ ಒಳಗಿನ ಹೈಡ್ರೋಜನ್ ಬಂಧಗಳು ಬಿಟ್ಟುಕೊಳ್ಳುತ್ತವೆ, ಕೂದಲು ಉಬ್ಬುತ್ತದೆ, ಎಳೆದರೆ ಜಾಸ್ತಿ ಹಿಗ್ಗುತ್ತದೆ, ಹಿಗ್ಗಿದ್ದು ಬೇಗ ಕಡಿಯುತ್ತದೆ. ಗುಂಗುರು ಕೂದಲಿಗೆ ಇದೇ ಮಾತು ಹೇಳಿದರೆ ತಪ್ಪಾಗುತ್ತದೆ. ಗುಂಗುರು ಕೂದಲನ್ನು ಒಣಗಿದಾಗ ಬಾಚಿದರೆ ಸುರುಳಿ ಸುರುಳಿಗೆ ಸಿಕ್ಕಿ ತುಂಡಾಗುತ್ತದೆ, ಅದನ್ನು ಒದ್ದೆ ಇರುವಾಗಲೇ, ಕಂಡೀಷನರ್ ಜಾರುತ್ತಿರುವಾಗಲೇ ಬಿಡಿಸಬೇಕು. ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿಯ ಚರ್ಮವೈದ್ಯರ ಸಲಹೆಯೂ ಹೀಗೇ ಎರಡು ಬಗೆ.

ಬಿಡಿಸುವ ರೀತಿ ಮಾತ್ರ ಎಲ್ಲರಿಗೂ ಒಂದೇ. ತುದಿಯಿಂದ ಶುರು ಮಾಡಿ. ಬುಡದಿಂದ ಬಾಚಣಿಗೆ ಎಳೆದರೆ ಮೇಲಿನ ಸಣ್ಣ ಸಣ್ಣ ಸಿಕ್ಕೆಲ್ಲಾ ಕೆಳಗೆ ಹೋಗಿ ಒಂದೇ ಗಂಟಾಗುತ್ತದೆ, ಆಮೇಲೆ ಅದನ್ನು ಕಿತ್ತೇ ತೆಗೆಯಬೇಕಾಗುತ್ತದೆ. ಕೂದಲನ್ನು ನಾಲ್ಕು ಭಾಗ ಮಾಡಿ, ಮೂರನ್ನು ಕ್ಲಿಪ್ ಹಾಕಿ ಪಕ್ಕಕ್ಕೆ ಇಡಿ. ಕೈಗೆ ಬಂದ ಭಾಗವನ್ನು ಸಿಕ್ಕಿಗಿಂತ ಸ್ವಲ್ಪ ಮೇಲೆ ಮುಷ್ಟಿಯಲ್ಲಿ ಹಿಡಿದುಕೊಳ್ಳಿ, ಆಗ ಎಳೆತ ನಿಮ್ಮ ಮುಷ್ಟಿಗೆ ಬೀಳುತ್ತದೆ, ಬುಡಕ್ಕೆ ಹೋಗುವುದಿಲ್ಲ. ಮೊದಲು ಬೆರಳು, ಆಮೇಲೆ ಹಲ್ಲು ಅಗಲ ಇರುವ ಬಾಚಣಿಗೆ. ಕೆಳಗಿನ ನಾಲ್ಕು ಬೆರಳಷ್ಟು ಸಲೀಸಾದ ಮೇಲೆ ಇನ್ನೊಂದು ನಾಲ್ಕು ಬೆರಳು ಮೇಲಕ್ಕೆ ಬನ್ನಿ.

ಬಿಡದ ಗಂಟು ಸಿಕ್ಕಿದರೆ ಬಾಚಣಿಗೆ ಕೆಳಗಿಡಿ. ಗಂಟಿನ ಮೇಲೆ ಒಂದೆರಡು ಹನಿ ಎಣ್ಣೆ ಅಥವಾ ಕಂಡೀಷನರ್ ಹಾಕಿ, ಹೆಬ್ಬೆರಳು ತೋರುಬೆರಳಲ್ಲಿ ಅದನ್ನು ಹಿಸುಕಿ ಚಪ್ಪಟೆ ಮಾಡಿ. ಚಪ್ಪಟೆಯಾದಾಗ ಗಂಟಿನ ಅಂಚಿನಲ್ಲಿ ಒಂದೆರಡು ಕೂದಲು ಕೊಂಕಿಯ ಥರ ಹೊರಗೆ ಕಾಣುತ್ತದೆ. ಆ ಒಂದನ್ನು ಪಕ್ಕಕ್ಕೆ ಎಳೆಯಿರಿ, ಕೆಳಕ್ಕೆ ಬೇಡ. ಆಮೇಲೆ ಇನ್ನೊಂದು. ಎಷ್ಟೋ ಸಲ ಗಂಟಿನ ನಡುವೆ ಆಗಲೇ ಉದುರಿದ ಒಂದು ಕೂದಲು ಸುತ್ತಿಕೊಂಡಿರುತ್ತದೆ, ಅದು ಈಚೆ ಬಂದರೆ ಉಳಿದದ್ದು ತಾನಾಗಿ ಸಡಿಲವಾಗುತ್ತದೆ. ತಾಳ್ಮೆ ಇಲ್ಲದ ದಿನ ಸಿಕ್ಕು ಬಿಡಿಸಲು ಕೂರಬೇಡಿ, ಜಡೆ ಹಾಕಿಕೊಂಡು ಮಲಗಿ, ಮರುದಿನ ನೋಡಿಕೊಳ್ಳಬಹುದು.

ಪ್ರಶ್ನೆ: ರಾತ್ರಿ ನೂರು ಸಲ ಬಾಚಿದರೆ ಕೂದಲು ಉದ್ದ ಬರುತ್ತದಂತೆ, ನಿಜವಾ?

ಉತ್ತರ: ನಿಜ ಅಲ್ಲ. ನೂರು ಸಲ ಬಾಚುವುದು ಅಂದರೆ ಮೇಲೆ ಹೇಳಿದ ಪೊರೆಯನ್ನು ನೂರು ಸಲ ಕೆರೆದ ಹಾಗೆ. ಸಿಕ್ಕು ಹೋಗುವಷ್ಟು ಬಾಚಿ, ನಿಲ್ಲಿಸಿ.

ಪ್ರಶ್ನೆ: ತಿಂಗಳಿಗೊಮ್ಮೆ ತುದಿ ಕತ್ತರಿಸಿದರೆ ಬೇಗ ಬೆಳೆಯುತ್ತದೆ ಅಂತ ಪಾರ್ಲರಿನಲ್ಲಿ ಹೇಳಿದರು. ಕತ್ತರಿಸುತ್ತಲೇ ಇದ್ದೇನೆ, ಉದ್ದ ಮಾತ್ರ ಅಷ್ಟೇ ಇದೆ.

ಉತ್ತರ: ಅಷ್ಟೇ ಇರುತ್ತದೆ. ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಒಂದು ಸೆಂಟಿಮೀಟರ್ ನೀವು ಕತ್ತರಿಸುತ್ತೀರಿ. ಬೆಳೆಯುವುದು ನೆತ್ತಿಯ ಒಳಗಿರುವ ಬುಡದಲ್ಲಿ, ಕತ್ತರಿ ಆಡುವುದು ಜೀವ ಇಲ್ಲದ ತುದಿಯಲ್ಲಿ. ತುದಿಯಲ್ಲಿ ಏನಾಯಿತು ಅಂತ ಬುಡಕ್ಕೆ ಗೊತ್ತಾಗುವ ದಾರಿಯೇ ಇಲ್ಲ. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಅನ್ನುವ ಅಂಗರಚನಾ ವಿಜ್ಞಾನಿ ಬೋಳಿಸುವುದರಿಂದ ಕೂದಲಿನ ಬಣ್ಣ, ದಪ್ಪ, ಬೆಳೆಯುವ ವೇಗ ಯಾವುದೂ ಬದಲಾಗುವುದಿಲ್ಲ ಅಂತ ಅಳೆದು ತೋರಿಸಿದ್ದರು. ಪೂರ್ತಿ ಬೋಳಿಸಿದರೇ ಬದಲಾಗದ್ದು ತುದಿ ಕತ್ತರಿಸಿದರೆ ಬದಲಾಗುತ್ತದಾ?

ಹಾಗಂತ ಕತ್ತರಿಯೇ ಬೇಡ ಅಂತಲ್ಲ. ಸೀಳಿದ ತುದಿ ಅಲ್ಲಿಗೇ ನಿಲ್ಲುವುದಿಲ್ಲ, ಮೇಲಕ್ಕೆ ಸೀಳುತ್ತಾ ಹೋಗುತ್ತದೆ, ಅಕ್ಕಪಕ್ಕದ ಕೂದಲಿಗೂ ಸಿಕ್ಕಿಕೊಳ್ಳುತ್ತದೆ. ಬಿಸಿಲು ಬರುವ ಕಿಟಕಿ ಪಕ್ಕ ಕೂತು ಒಂದು ಸಣ್ಣ ಎಳೆ ತೆಗೆದುಕೊಂಡು ಬೆರಳಲ್ಲಿ ತಿರುಚಿ. ಸೀಳಿದ ತುದಿಗಳು ತಿರುಚಿದ ಎಳೆಯಿಂದ ಹೊರಗೆ ಚಾಚಿಕೊಳ್ಳುತ್ತವೆ. ಕೆಲವು ಕೂದಲಿನ ನಡುವೆ ಬಿಳಿ ಚುಕ್ಕಿ ಕಾಣಬಹುದು, ಅದು ಹೊಟ್ಟಲ್ಲ, ಕೂದಲು ಅಲ್ಲಿ ಮುರಿಯುವುದಕ್ಕೆ ತಯಾರಾಗಿದೆ. ಅಂಥವನ್ನು ಮಾತ್ರ, ಸೀಳಿಗಿಂತ ಅರ್ಧ ಸೆಂಟಿಮೀಟರ್ ಮೇಲೆ ಕತ್ತರಿಸಿ. ಕೂದಲಿಗೆ ಅಂತಲೇ ಇರುವ ಹರಿತ ಕತ್ತರಿ ಬೇಕು, ಕಾಗದ ಕತ್ತರಿಸುವ ಕತ್ತರಿ ತುದಿಯನ್ನು ಜಜ್ಜುತ್ತದೆ, ಜಜ್ಜಿದ್ದು ಮತ್ತೆ ಸೀಳುತ್ತದೆ. ಹೀಗೆ ಮಾಡುತ್ತಿದ್ದರೆ ಪಾರ್ಲರಿನ ಕತ್ತರಿ ವರ್ಷಕ್ಕೆ ಎರಡು ಮೂರು ಸಲ ಸಾಕು.

ಪ್ರಶ್ನೆ: ರಾತ್ರಿಯಿಡೀ ಎಣ್ಣೆ ಹಚ್ಚಿಕೊಂಡು ಮಲಗುತ್ತೇನೆ. ತಲೆಹೊಟ್ಟು ಜಾಸ್ತಿಯಾಗಿದೆ. ಇನ್ನೂ ಜಾಸ್ತಿ ಎಣ್ಣೆ ಹಚ್ಚಬೇಕಾ?

ಉತ್ತರ: ದಯವಿಟ್ಟು ಬೇಡ. ಹೊಟ್ಟು ಅಂದರೆ ನೆತ್ತಿ ಒಣಗಿದೆ ಅಂತ ಜನ ತಿಳಿದುಕೊಳ್ಳುತ್ತಾರೆ. ಹೊಟ್ಟಿಗೆ ಮುಖ್ಯ ಕಾರಣ ಮಲಸೀಜಿಯಾ ಅನ್ನುವ ಯೀಸ್ಟ್. ಅದು ಎಲ್ಲರ ನೆತ್ತಿಯಲ್ಲೂ ಇರುತ್ತದೆ, ಅದರ ಆಹಾರವೇ ಎಣ್ಣೆ ಜಿಡ್ಡು. ನೀವು ರಾತ್ರಿಯಿಡೀ ಅದಕ್ಕೆ ಊಟ ಹಾಕುತ್ತಿದ್ದೀರಿ. ಮೊದಲು ಕೀಟೋಕೊನಜೋಲ್ ಅಥವಾ ಜಿಂಕ್ ಪೈರಿಥಿಯೋನ್ ಇರುವ ಶಾಂಪೂ ಬಳಸಿ. ನೆತ್ತಿಯ ಮೇಲೆ ಐದು ನಿಮಿಷ ಬಿಟ್ಟು ತೊಳೆಯಿರಿ, ಹಚ್ಚಿದ ತಕ್ಷಣ ತೊಳೆದರೆ ಔಷಧಿಗೆ ಕೆಲಸ ಮಾಡುವ ಸಮಯವೇ ಸಿಗುವುದಿಲ್ಲ. ಕೆರೆತ, ಉರಿ ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಎಣ್ಣೆಯ ನಿಜವಾದ ಉಪಯೋಗ ನೆತ್ತಿಗಿಂತ ಉದ್ದಕ್ಕೆ, ತುದಿಗೆ. 2003ರಲ್ಲಿ ಪ್ರಕಟವಾದ ರೇಲೆ ಮತ್ತು ಮೋಹಿಲೆ ಅವರ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆ ಮೂರನ್ನೂ ಹೋಲಿಸಿದಾಗ ಕೂದಲಿನಿಂದ ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಅದರಲ್ಲಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೆಟ್ಟಗಿನದು, ಕೂದಲಿನ ಒಳಗೆ ಇಳಿಯುತ್ತದೆ. ಎಣ್ಣೆ ಒಳಗಿದ್ದರೆ ತೊಳೆಯುವಾಗ ನೀರು ಅಷ್ಟಾಗಿ ನುಗ್ಗುವುದಿಲ್ಲ, ಕೂದಲು ಉಬ್ಬಿ ಕುಗ್ಗುವುದು ಕಡಿಮೆಯಾಗುತ್ತದೆ. ಹಾಗಾಗಿ ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಕಿವಿಯಿಂದ ಕೆಳಗಿನ ಕೂದಲಿಗೆ ಸವರಿದರೆ ಸಾಕು. ಎಣ್ಣೆ ಕೂದಲನ್ನು ಕಾಯುತ್ತದೆ, ಬೆಳೆಸುವುದಿಲ್ಲ. ಗಸಗಸ ಉಜ್ಜುವ ಮಸಾಜ್ ಬೇಡ, ಅದರಲ್ಲಿ ಸಿಕ್ಕಾಗುವುದೇ ಜಾಸ್ತಿ.

ಪ್ರಶ್ನೆ: ವಾರಕ್ಕೆ ಎಷ್ಟು ಸಲ ತೊಳೆಯಬೇಕು? ಡ್ರೈಯರ್ ಪೂರ್ತಿ ಬಿಟ್ಟುಬಿಡಲಾ?

ಉತ್ತರ: ನೆತ್ತಿ ಜಿಡ್ಡಾದಾಗ, ಬೆವರಾದಾಗ, ಕೆರೆತ ಬಂದಾಗ ತೊಳೆಯಿರಿ. ಕೆಲವರಿಗೆ ಅದು ಎರಡು ದಿನಕ್ಕೊಮ್ಮೆ, ಕೆಲವರಿಗೆ ವಾರಕ್ಕೊಮ್ಮೆ. ಉದ್ದ ಬರಲಿ ಅಂತ ಕೊಳೆ ತಲೆಯಲ್ಲಿ ಇರಬೇಕಿಲ್ಲ. ತೊಳೆಯುವ ಮುಂಚೆ ಸಿಕ್ಕು ಬಿಡಿಸಿಕೊಳ್ಳಿ. ಕೂದಲನ್ನೆಲ್ಲಾ ತಲೆ ಮೇಲೆ ಗುಡ್ಡೆ ಹಾಕಿ ಉಜ್ಜಬೇಡಿ. ಶಾಂಪೂ ನೆತ್ತಿಗೆ ಮಾತ್ರ, ಉಗುರಿಂದಲ್ಲ, ಬೆರಳ ತುದಿಯಿಂದ. ತೊಳೆಯುವಾಗ ಹರಿದು ಬರುವ ನೊರೆಯೇ ತುದಿಗೆ ಸಾಕಾಗುತ್ತದೆ. ಕಂಡೀಷನರ್ ಇದಕ್ಕೆ ತದ್ವಿರುದ್ಧ, ಕಿವಿಯಿಂದ ಕೆಳಗೆ ಹಚ್ಚಬೇಕು. ಸವೆದ ಕೂದಲಿನ ಮೇಲೆ ಋಣ ವಿದ್ಯುದಂಶ ಜಾಸ್ತಿ, ಕಂಡೀಷನರಿನಲ್ಲಿ ಧನ ವಿದ್ಯುದಂಶದ ಅಣುಗಳಿರುತ್ತವೆ, ಹಾಗಾಗಿ ಎಲ್ಲಿ ಹೆಚ್ಚು ಹಾಳಾಗಿದೆಯೋ ಅಲ್ಲಿಗೇ ಹೋಗಿ ಕೂರುತ್ತದೆ. ಎಲ್ಲಾ ಬಿಟ್ಟು ಒಂದೇ ಒಂದು ವಸ್ತು ಇಟ್ಟುಕೊಳ್ಳಿ ಅಂದರೆ ನಾನು ಕಂಡೀಷನರ್ ಇಟ್ಟುಕೊಳ್ಳುತ್ತೇನೆ.

ಆಮೇಲೆ ಟವೆಲಿನಲ್ಲಿ ಉಜ್ಜಬೇಡಿ, ಹಿಂಡಬೇಡಿ. ಹಳೇ ಹತ್ತಿ ಟೀ ಶರ್ಟಿನಲ್ಲಿ ಕೂದಲನ್ನು ಸುತ್ತಿ ಒತ್ತಿ ಹಿಡಿದರೆ ನೀರು ತಾನಾಗಿ ಹೀರಿಕೊಳ್ಳುತ್ತದೆ.

ಡ್ರೈಯರ್ ಬಗ್ಗೆ ಒಂದು ಸೋಜಿಗದ ವಿಷಯ ಇದೆ. 2011ರಲ್ಲಿ ಕೊರಿಯಾದ ಸಂಶೋಧಕರು ಕೂದಲಿನ ಎಳೆಗಳನ್ನು ಬೇರೆ ಬೇರೆ ದೂರದಿಂದ ಡ್ರೈಯರ್ ಹಿಡಿದು ಒಣಗಿಸಿ, ಕೆಲವನ್ನು ಹಾಗೇ ಗಾಳಿಗೆ ಬಿಟ್ಟು, ಮೂವತ್ತು ಸಲ ತೊಳೆದು ಒಣಗಿಸಿ ಪರೀಕ್ಷೆ ಮಾಡಿದರು. ಹತ್ತಿರದಿಂದ ಹಿಡಿದ ಬಿಸಿಗೆ ಹೊರಪೊರೆ ಜಾಸ್ತಿ ಹಾಳಾಗಿತ್ತು, ಇದು ಯಾರಿಗಾದರೂ ಗೊತ್ತಿದ್ದದ್ದೇ. ಆದರೆ ತಾನಾಗಿ ಒಣಗಿಸಿದ ಎಳೆಗಳಲ್ಲಿ ಬಹಳ ಹೊತ್ತು ಒದ್ದೆ ಉಳಿದದ್ದಕ್ಕೆ ಪೊರೆಗಳ ನಡುವಿನ ಅಂಟಿಗೆ ಪೆಟ್ಟು ಬಿದ್ದಿತ್ತು. 15 ಸೆಂ.ಮೀ. ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಒಣಗಿಸುವುದು ಗಾಳಿಗೆ ಬಿಡುವುದಕ್ಕಿಂತ ಒಳ್ಳೆಯದು ಅಂತ ಅವರ ತೀರ್ಮಾನ. ಹಾಗಾಗಿ ದಪ್ಪ ಕೂದಲು ಅರ್ಧ ದಿನ ಒದ್ದೆಯೇ ಇರುತ್ತದೆ ಅನ್ನುವವರು ಕಡಿಮೆ ಬಿಸಿಯಲ್ಲಿ, ದೂರದಿಂದ ಡ್ರೈಯರ್ ಬಳಸಿ, ಹೆದರಬೇಡಿ. ಸ್ಟ್ರೇಟ್ನರ್ ಮಾತು ಬೇರೆ. ಒದ್ದೆ ಕೂದಲಿಗೆ ಅದನ್ನು ಒತ್ತಿದರೆ ಒಳಗಿನ ನೀರು ಆವಿಯಾಗಿ ಕೂದಲಿನೊಳಗೆ ಗುಳ್ಳೆ ಏಳುತ್ತದೆ, ಆ ಜಾಗ ಮುಗಿಯಿತು ಅಂತಲೇ ಲೆಕ್ಕ. ಉದ್ದ ಬೇಕು ಅನ್ನುವಷ್ಟು ದಿನ ಅದನ್ನು ಕಪಾಟಿನಲ್ಲಿ ಇಡಿ.

ಪ್ರಶ್ನೆ: ನಾನು ತಂದೆ. ಬೆಳಿಗ್ಗೆ ಮಗಳ ತಲೆ ಬಾಚುವುದು ನನ್ನ ಕೆಲಸ. ಎಂಟು ವರ್ಷದವಳು. ಸಂಜೆವರೆಗೂ ನಿಲ್ಲಲಿ ಅಂತ ಬಿಗಿಯಾಗಿ ಎರಡು ಜಡೆ ಹಾಕುತ್ತೇನೆ. ನೋವು ಅಂತ ಅಳುತ್ತಾಳೆ. ಈಗ ಹಣೆ ಮೇಲಿನ ಕೂದಲು ತೆಳುವಾದ ಹಾಗಿದೆ.

ಉತ್ತರ: ನೀವು ಗಮನಿಸಿ ಬರೆದದ್ದು ತುಂಬಾ ಒಳ್ಳೆಯದಾಯಿತು ಸರ್. ಇವತ್ತಿನಿಂದಲೇ ಸಡಿಲ ಮಾಡಿ. ದಿನಾ ಒಂದೇ ಕಡೆ ಎಳೆತ ಬಿದ್ದರೆ ಕೂದಲಿನ ಬುಡ ಸೊರಗುತ್ತದೆ. ಮೊದಮೊದಲು ನೋವು, ಕೆಂಪು, ಸಣ್ಣ ಗುಳ್ಳೆ, ಹಣೆ ಅಂಚಿನಲ್ಲಿ ಗಿಡ್ಡ ಗಿಡ್ಡ ಕೂದಲು. ಈ ಹಂತದಲ್ಲಿ ಎಳೆಯುವುದು ನಿಲ್ಲಿಸಿದರೆ ಕೂದಲು ವಾಪಸ್ ಬರುತ್ತದೆ, ತಿಂಗಳುಗಳು ಬೇಕಾಗಬಹುದು. ವರ್ಷಗಟ್ಟಲೆ ಮುಂದುವರಿದರೆ ಬುಡ ಕಲೆಗಟ್ಟಿ ಮುಚ್ಚಿಹೋಗುತ್ತದೆ, ಆಮೇಲೆ ಬರುವುದಿಲ್ಲ. ಡಾಕ್ಟರುಗಳು ಇದನ್ನು ಟ್ರ್ಯಾಕ್ಷನ್ ಅಲೊಪೀಸಿಯಾ ಅನ್ನುತ್ತಾರೆ.

ಜಡೆ ಹಾಕಿದ ಮೇಲೆ ಬುಡದ ಹತ್ತಿರ ನಿಮ್ಮ ಕಿರುಬೆರಳು ಆರಾಮಾಗಿ ಒಳಗೆ ಹೋಗಬೇಕು. ಮಗಳಿಗೆ ಹುಬ್ಬು ಎತ್ತು ಅನ್ನಿ, ಹಣೆಯ ಚರ್ಮ ಜಗ್ಗಿದ ಹಾಗಾದರೆ ಬಿಗಿ ಜಾಸ್ತಿ. ಜಡೆಯನ್ನು ಕಿವಿಯ ಮೇಲಿನಿಂದ ಶುರು ಮಾಡದೆ ಕುತ್ತಿಗೆ ಹತ್ತಿರದಿಂದ ಶುರು ಮಾಡಿ, ಸಡಿಲವಾಗಿ ಹಾಕಿದರೂ ಅಲ್ಲಿ ನಿಲ್ಲುತ್ತದೆ. ಸಂಜೆಗೆ ನಾಲ್ಕು ಕೂದಲು ಹೊರಗೆ ಬಂದಿದ್ದರೆ ಬರಲಿ ಬಿಡಿ. ಅವಳು ನೋವು ಅಂದರೆ ನೋವೇ, ಅದನ್ನು ನಂಬಿ, ಆ ಕ್ಷಣವೇ ಬಿಚ್ಚಿ. ಎರಡು ಮೂರು ತಿಂಗಳಲ್ಲಿ ಹಣೆ ಅಂಚಿನಲ್ಲಿ ಹೊಸ ಕೂದಲು ಕಾಣದಿದ್ದರೆ, ಅಥವಾ ಗುಂಡಗೆ ಬೋಳು ತೇಪೆ ಕಂಡರೆ ಚರ್ಮದ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಬಯೋಟಿನ್ ಮಾತ್ರೆ ತಗೊಳ್ಳಲಾ?

ಉತ್ತರ: ಬಯೋಟಿನ್ ಅಂದರೆ ಒಂದು ಬಿ ವಿಟಮಿನ್. ಅದರ ಕೊರತೆ ಇದ್ದವರಿಗೆ ಉಪಯೋಗ, ಆ ಕೊರತೆ ಬಹಳ ಅಪರೂಪ. ದೊಡ್ಡವರಿಗೆ ದಿನಕ್ಕೆ 30 ಮೈಕ್ರೋಗ್ರಾಮ್ ಸಾಕು, ಕೂದಲಿನ ಮಾತ್ರೆಗಳಲ್ಲಿ 5,000, 10,000 ಮೈಕ್ರೋಗ್ರಾಮ್ ಇರುತ್ತದೆ. ಸುಮ್ನೆ ತಗೊಂಡರೆ ಏನಾಗುತ್ತದೆ ಅನ್ನಬೇಡಿ. ಅಷ್ಟು ಬಯೋಟಿನ್ ರಕ್ತದಲ್ಲಿದ್ದರೆ ಕೆಲವು ರಕ್ತ ಪರೀಕ್ಷೆಗಳ ಫಲಿತಾಂಶವೇ ತಪ್ಪಾಗಿ ಬರುತ್ತದೆ, ಹೃದಯಾಘಾತ ಪತ್ತೆ ಮಾಡುವ ಟ್ರೊಪೊನಿನ್ ಪರೀಕ್ಷೆಯೂ ಅದರಲ್ಲಿ ಸೇರಿದೆ. ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಈಗಾಗಲೇ ತಗೊಳ್ಳುತ್ತಿದ್ದರೆ ಯಾವುದೇ ಪರೀಕ್ಷೆಗೆ ಮುಂಚೆ ಡಾಕ್ಟರಿಗೆ ಹೇಳಿ.

ಪ್ರಶ್ನೆ: ಜೋರು ಜ್ವರ ಬಂದು ವಾಸಿಯಾಗಿ ಮೂರು ತಿಂಗಳಾಯಿತು. ಈಗ ಮುಷ್ಟಿ ಮುಷ್ಟಿ ಕೂದಲು ಬರುತ್ತಿದೆ. ಎಲ್ಲದಕ್ಕೂ ಬಿಳಿ ಗಂಟು ಇದೆ. ಕೂದಲನ್ನು ಮುಟ್ಟಲೂ ಭಯ.

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ನೀವು ಬರೆದ ಮೂರು ತಿಂಗಳು ಅನ್ನುವ ಮಾತೇ ಸಮಾಧಾನ ಕೊಡುವ ಸುಳಿವು. ಮಾಮೂಲಾಗಿ ನೂರರಲ್ಲಿ 85, 90 ಕೂದಲು ಬೆಳೆಯುವ ಹಂತದಲ್ಲಿರುತ್ತವೆ. ಜೋರು ಜ್ವರ, ಹೆರಿಗೆ, ದೊಡ್ಡ ಆಪರೇಷನ್, ದಿಢೀರನೆ ತೂಕ ಇಳಿಸುವುದು, ಇಂಥದ್ದೇನಾದರೂ ಆದರೆ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿ ಹಂತಕ್ಕೆ ಹೋಗುತ್ತವೆ, ಎರಡು ಮೂರು ತಿಂಗಳ ಮೇಲೆ ಒಟ್ಟಿಗೇ ಉದುರುತ್ತವೆ. ಬುಡಕ್ಕೆ ಏನೂ ಆಗಿರುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ಹತೋಟಿಗೆ ಬರುತ್ತದೆ, ಹಣೆ ಅಂಚಿನಲ್ಲಿ ಸಣ್ಣ ಹೊಸ ಕೂದಲು ನಿಂತಿರುವುದು ಕಾಣುತ್ತದೆ.

ಭಯಪಟ್ಟು ತೊಳೆಯುವುದು, ಬಾಚುವುದು ನಿಲ್ಲಿಸಬೇಡಿ. ನಾಲ್ಕು ದಿನ ಬಾಚದೆ ಇದ್ದರೆ ನಾಲ್ಕು ದಿನದ್ದು ಒಂದೇ ಸಲ ಕೈಗೆ ಬರುತ್ತದೆ, ಇನ್ನೂ ಗಾಬರಿಯಾಗುತ್ತದೆ. ಪ್ರೋಟೀನ್, ಕಬ್ಬಿಣಾಂಶ ಇರುವ ಊಟ ಹೊಟ್ಟೆ ತುಂಬಾ ಮಾಡಿ. ಆರು ತಿಂಗಳಾದರೂ ನಿಲ್ಲದಿದ್ದರೆ ಥೈರಾಯ್ಡ್, ಫೆರಿಟಿನ್ (ದೇಹದಲ್ಲಿ ಶೇಖರವಾಗಿರುವ ಕಬ್ಬಿಣಾಂಶ ತೋರಿಸುವುದು) ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ. ಬೈತಲೆ ಅಗಲವಾಗುತ್ತಾ ಬರುವುದು, ಬೋಳು ತೇಪೆ, ನೆತ್ತಿಯಲ್ಲಿ ಉರಿ ಅಥವಾ ಕೀವು ಇದ್ದರೆ ಆರು ತಿಂಗಳು ಕಾಯಬೇಡಿ. ಅವು ಬೇರೆ ತೊಂದರೆಗಳು, ಬೇಗ ತೋರಿಸಿದಷ್ಟೂ ಒಳ್ಳೆಯದು.

ಪ್ರಶ್ನೆ: ಎರಡು ಸಲ ಸ್ಟ್ರೇಟನಿಂಗ್ ಮಾಡಿಸಿದ್ದೆ. ಈಗ ನನ್ನ ಗುಂಗುರು ಕೂದಲೇ ಬೇಕು ಅನ್ನಿಸಿದೆ. ಮೇಲೆ ಗುಂಗುರು, ಕೆಳಗೆ ನೆಟ್ಟಗೆ, ನಡುವೆ ಕಡಿದು ಬರುತ್ತಿದೆ.

ಉತ್ತರ: ಕಡಿಯುವುದು ಸರಿಯಾಗಿ ಆ ಗಡಿಯಲ್ಲೇ. ಸ್ಟ್ರೇಟನಿಂಗ್ ಔಷಧಿ ಕೂದಲಿಗೆ ಗಟ್ಟಿತನ ಕೊಡುವ ಗಂಧಕದ ಬಂಧಗಳನ್ನು ಒಡೆದು ಹೊಸ ಆಕಾರದಲ್ಲಿ ಕೂರಿಸುತ್ತದೆ, ಎಲ್ಲವೂ ಮೊದಲಿನಷ್ಟು ಗಟ್ಟಿಯಾಗಿ ಕೂರುವುದಿಲ್ಲ. ಮೇಲಿನ ಭಾಗ ಗಟ್ಟಿ, ಕೆಳಗಿನದು ಬಡಕಲು, ಎಳೆತ ಬಿದ್ದಾಗ ಎರಡೂ ಸೇರುವ ಜಾಗ ತುಂಡಾಗುತ್ತದೆ. ಆ ಕೆಳಗಿನ ಕೂದಲು ಮತ್ತೆ ಗುಂಗುರಾಗುವುದಿಲ್ಲ. ನಿಮಗೆ ಎರಡು ದಾರಿ. ಧೈರ್ಯ ಇದ್ದರೆ ಗಡಿಯವರೆಗೆ ಒಂದೇ ಸಲ ಕತ್ತರಿಸಿ. ಇಲ್ಲದಿದ್ದರೆ ಎರಡು ಮೂರು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ತೆಗೆಯುತ್ತಾ, ಅಷ್ಟು ದಿನ ಜಡೆ ತುರುಬಿನಲ್ಲೇ ಕಾಲ ಹಾಕಿ, ಆ ಗಡಿಯ ಮೇಲೆ ಬಾಚಣಿಗೆ ಎಳೆಯದೆ ಬೆರಳಲ್ಲೇ ಬಿಡಿಸಿ. ಎರಡು ಥರದ ಕೂದಲನ್ನು ಒಂದೇ ಥರ ಕಾಣಿಸಲು ದಿನಾ ಸ್ಟ್ರೇಟ್ನರ್ ಹಿಡಿಯುವುದು ಮಾತ್ರ ಬೇಡವೇ ಬೇಡ. ನಿಮ್ಮ ಗುಂಗುರು ಚೆನ್ನಾಗಿರುತ್ತದೆ, ಕಾಯಿರಿ.

ಪ್ರಶ್ನೆ: ರೇಷ್ಮೆ ದಿಂಬಿನ ಕವರ್ ಬೇಕೇ ಬೇಕಾ?

ಉತ್ತರ: ಬೇಕೇ ಬೇಕು ಅಂತಿಲ್ಲ. ರೇಷ್ಮೆ, ಸ್ಯಾಟಿನ್ ಮೇಲೆ ಕೂದಲು ಜಾರುತ್ತದೆ, ಒರಟು ಬಟ್ಟೆ ಮೇಲೆ ಉಜ್ಜುತ್ತದೆ. ಸ್ಯಾಟಿನ್ ಸಾಕು. ಅದೂ ಇಲ್ಲ ಅಂದರೆ ಸಡಿಲ ಜಡೆ ಹಾಕಿಕೊಂಡು ಮಲಗಿ. ಒದ್ದೆ ತಲೆಯಲ್ಲಿ ಮಾತ್ರ ಮಲಗಬೇಡಿ.

ಪ್ರಶ್ನೆ: ನೀವು ಹೇಳಿದ ಹಾಗೆ ಶುರು ಮಾಡಿದರೆ ಫಲ ಸಿಗುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ? ನಾನು ದಿನಾ ಕನ್ನಡಿ ಮುಂದೆ ಎಳೆದು ಎಳೆದು ನೋಡುತ್ತೇನೆ.

ಉತ್ತರ: ಎಳೆದು ನೋಡುವುದನ್ನು ಮೊದಲು ಬಿಡಿ, ಅದೂ ಕೂದಲನ್ನು ಮುಟ್ಟುವುದೇ ಅಲ್ವಾ? ಮೂರು ತಿಂಗಳಿಗೊಮ್ಮೆ ಅಳೆಯಿರಿ. ಪ್ರತಿ ಸಲವೂ ಒಂದೇ ಜಾಗದಿಂದ, ಹಣೆಯ ನಡುವಿನಿಂದ ಒಂದು ಸಣ್ಣ ಎಳೆ ತೆಗೆದು, ಒಣಗಿದಾಗ, ಬುಡದಿಂದ ತುದಿವರೆಗೆ ಟೇಪ್ ಹಿಡಿದು ಬರೆದಿಡಿ. ಗುಂಗುರು ಕೂದಲಾದರೆ ಮೆಲ್ಲಗೆ ನೇರ ಮಾಡಿ ಅಳೆಯಿರಿ. ಮೂರು ಸೆಂ.ಮೀ. ಹತ್ತಿರ ಬಂದಿದ್ದರೆ ಬೆಳೆದದ್ದೆಲ್ಲಾ ಉಳಿದಿದೆ, ಮಾಡುತ್ತಿರುವುದನ್ನೇ ಮಾಡಿ. ಒಂದು, ಒಂದೂವರೆ ಅಷ್ಟೇ ಇದ್ದರೆ ಮತ್ತೆ ಆ ಬಿಳಿ ಹಾಳೆ ಹಾಸಿ ತುಂಡುಗಳ ಉದ್ದ ನೋಡಿ. ಒಂದೆರಡು ಬೆರಳಷ್ಟು ಗಿಡ್ಡ ಇದ್ದರೆ ತುದಿ ಸೀಳಿದೆ, ಕತ್ತರಿ ಬೇಕು. ಗೇಣುದ್ದ ಇದ್ದರೆ ಕೂದಲು ನಡುವಿನಲ್ಲೇ ಕಡಿಯುತ್ತಿದೆ, ಬ್ಯಾಂಡ್ ಕಟ್ಟುವ ಜಾಗ ಬದಲಾಯಿಸಿ.